ಕರೆಂಟ್ ಹೋಗಿತ್ತು, ತಂತಿಯಲ್ಲಿ ವಿದ್ಯುತ್ ಇತ್ತು: ಮಂಡ್ಯದ ಒಂದು ಐಎಸ್‌ಡಿಎನ್ ಲೈನಿನ ಪ್ರಕರಣ

“ಕರೆಂಟ್ ಹೋಗಿತ್ತಲ್ಲ ಸಾರ್, ಶಾಕ್ ಹೊಡೆದದ್ದು ಎಲ್ಲಿಂದ?”

ಮಂಡ್ಯದ ಒಂದು ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ಕುಳಿತು, ಬಲಗೈಗೆ ಪಟ್ಟಿ ಹಾಕಿಸಿಕೊಳ್ಳುತ್ತಾ, ಊದಿಕೊಂಡ ನಾಲಿಗೆಯಲ್ಲೇ ಆ ಹುಡುಗ ನನ್ನನ್ನು ಕೇಳಿದ ಪ್ರಶ್ನೆ ಇದು. 2009ರ ಮೇ ತಿಂಗಳ ಮೊದಲ ವಾರ. ಭರಣಿ ಮಳೆ ಹಿಡಿದಿತ್ತು. ಪತ್ತಿನ ಸಹಕಾರ ಸಂಘವೊಂದರ ಮಂಡ್ಯ ಶಾಖೆಯಲ್ಲಿ ಅವನು ಕಂಪ್ಯೂಟರ್ ಆಪರೇಟರ್. ಅಂದು ಮಧ್ಯಾಹ್ನ ಗುಡುಗು ಮಳೆಯ ನಡುವೆ ಐಎಸ್‌ಡಿಎನ್ ದೂರವಾಣಿ ಲೈನನ್ನು ರೌಟರಿಗೆ ನೇರವಾಗಿ ಜೋಡಿಸಲು ಹೋಗಿ ಸ್ಟೂಲಿನ ಮೇಲಿಂದ ಬಿದ್ದಿದ್ದ. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಅವನು ಬಿದ್ದ ಕಾಲು ಗಂಟೆಗೆ ಅದೇ ತಂತಿಯ ಮೂಲಕ ಸಿಡಿಲಿನ ಹೊಡೆತ ಒಳಗೆ ಬಂದು ರೌಟರ್, ನೆಟ್‌ವರ್ಕ್ ಸ್ವಿಚ್ ಹಾಗೂ ಕ್ಯಾಷ್ ಕೌಂಟರಿನ ಕಂಪ್ಯೂಟರ್ ಮೂರನ್ನೂ ಸುಟ್ಟಿತ್ತು.

ನಾನು ಮೈಸೂರಿನಲ್ಲಿ ನೆಟ್‌ವರ್ಕ್ ಅಳವಡಿಕೆ ಮತ್ತು ನಿರ್ವಹಣೆಯ ಕೆಲಸ ಮಾಡುವವನು. ಆ ಶಾಖೆಯ ರ‍್ಯಾಕನ್ನು (ರೌಟರ್, ಸ್ವಿಚ್ ಇಡುವ ಕಬ್ಬಿಣದ ಚೌಕಟ್ಟು) 2007ರಲ್ಲಿ ಕೂರಿಸಿದ್ದು ನಾನೇ. ಹಾಗಾಗಿ ಈ ಪ್ರಕರಣವನ್ನು ಹೊರಗಿನವನಂತೆ ನಿಂತು ಹೇಳುವ ಹಕ್ಕು ನನಗಿಲ್ಲ. ತಪ್ಪಿನಲ್ಲಿ ನನ್ನ ಪಾಲೂ ಇದೆ, ಅದು ಎಲ್ಲಿ ಎಂಬುದನ್ನು ಮುಂದೆ ಹೇಳುತ್ತೇನೆ. ಸಂಘದವರು ಮರುದಿನ “ಸಿಡಿಲು ಬಡಿದರೆ ಯಾರೇನು ಮಾಡುವುದಕ್ಕಾಗುತ್ತದೆ?” ಎಂದು ಸುಮ್ಮನಾಗಲು ಸಿದ್ಧರಿದ್ದರು. ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಆ ಮಧ್ಯಾಹ್ನ ನಡೆದದ್ದರಲ್ಲಿ ಸಿಡಿಲಿನದು ಕೊನೆಯ ಪಾತ್ರ, ಅದೂ ಚಿಕ್ಕದು.

ಶಾಖೆಯ ವ್ಯವಸ್ಥೆ

ಸಂಘದ ಮುಖ್ಯ ಕಚೇರಿ ಮೈಸೂರಿನಲ್ಲಿ. ಮಂಡ್ಯ ಶಾಖೆಯ ಲೆಕ್ಕಪತ್ರವೆಲ್ಲ ಅಲ್ಲಿಯ ಸರ್ವರಿನಲ್ಲಿ. ಎರಡರ ನಡುವೆ ಒಂದು ಲೀಸ್ಡ್ ಲೈನ್, ಅಂದರೆ ಬಾಡಿಗೆಗೆ ಪಡೆದ ಪ್ರತ್ಯೇಕ ಲೈನ್; ಅದು ಕೈಕೊಟ್ಟಾಗ ತಾನಾಗಿಯೇ ಎದ್ದು ಕರೆ ಮಾಡುವಂತೆ ಒಂದು ಐಎಸ್‌ಡಿಎನ್ ಲೈನ್. ಆ ದಿನಗಳಲ್ಲಿ ಅನೇಕ ಬ್ಯಾಂಕ್ ಶಾಖೆಗಳಲ್ಲಿ ಇದ್ದ ಏರ್ಪಾಟೇ ಇದು.

ಐಎಸ್‌ಡಿಎನ್ ಎಂದರೆ ಡಿಜಿಟಲ್ ದೂರವಾಣಿ ಲೈನ್. ಎಕ್ಸ್‌ಚೇಂಜಿನಿಂದ ಬರುವುದು ಸಾಮಾನ್ಯ ಫೋನಿನಂತೆ ಎರಡೇ ತಾಮ್ರದ ತಂತಿ. ಆದರೆ ಅದರಲ್ಲಿ ತಲಾ 64 ಕಿಲೋಬಿಟ್‌ನ ಎರಡು ವಾಹಿನಿಗಳು, ಕರೆ ಹಚ್ಚುವ ಮತ್ತು ಮುಗಿಸುವ ಸಂಕೇತಗಳಿಗೆಂದೇ 16 ಕಿಲೋಬಿಟ್‌ನ ಇನ್ನೊಂದು ವಾಹಿನಿ. ಈ ಎರಡು ತಂತಿಗಳು ಕಟ್ಟಡದೊಳಗೆ ಮೊದಲು ಒಂದು ಚಿಕ್ಕ ಪೆಟ್ಟಿಗೆಗೆ ಬರುತ್ತವೆ. ಅದರ ಹೆಸರು ಎನ್‌ಟಿ-1. ನಮ್ಮ ಬಾಯಲ್ಲಿ ಎನ್‌ಟಿ ಬಾಕ್ಸ್. ಅದು ಎರಡು ತಂತಿಯ ಲೈನನ್ನು ನಾಲ್ಕು ತಂತಿಯ ಇನ್ನೊಂದು ಬಗೆಯ ಸಂಪರ್ಕವಾಗಿ ಬದಲಾಯಿಸಿ ರೌಟರಿಗೆ ಕೊಡುತ್ತದೆ. ಎರಡೂ ಬದಿಯ ಸಂಕೇತದ ರೀತಿಯೇ ಬೇರೆ. ಹೊರಗಿನ ಲೈನನ್ನು ತಂದು ನೇರವಾಗಿ ರೌಟರಿನ ಐಎಸ್‌ಡಿಎನ್ ಪೋರ್ಟಿಗೆ ಚುಚ್ಚಿದರೂ ಅದು ಮಾತಾಡುವುದಿಲ್ಲ. ಹುಡುಗ ಅಂದು ಮಾಡಲು ಹೊರಟದ್ದು ಸರಿಯಾದ ಪೋರ್ಟಿಗೇ ಸೇರಿದ್ದರೂ ಕೆಲಸ ಆಗುತ್ತಿರಲಿಲ್ಲ. ಅಷ್ಟು ಪಾಡು ಪಟ್ಟದ್ದು ಆಗದ ಕೆಲಸಕ್ಕೆ ಎಂಬುದು ನನ್ನನ್ನು ಇಂದಿಗೂ ಕೊರೆಯುತ್ತದೆ.

ರೌಟರಿನ ಬೆನ್ನಿನಲ್ಲಿ ಒಂದು ಐಎಸ್‌ಡಿಎನ್ ಪೋರ್ಟ್, ಅದರ ಪಕ್ಕದಲ್ಲೇ ಕಚೇರಿಯೊಳಗಿನ ಕಂಪ್ಯೂಟರ್ ಜಾಲದ, ಅಂದರೆ ಲ್ಯಾನ್‌ನ ನಾಲ್ಕು ಪೋರ್ಟ್. ಐದೂ ಆರ್‌ಜೆ-45. ಐದಕ್ಕೂ ಒಂದೇ ಅಳತೆಯ ಪ್ಲಗ್ ಟಕ್ಕೆಂದು ಕೂರುತ್ತದೆ. ನಾನು ಬಳಸಿದ್ದ ಕೇಬಲುಗಳೆಲ್ಲ ಬೂದು ಬಣ್ಣದವು. ಹೆಸರು ಬರೆದ ಚೀಟಿ ಒಂದರ ಮೇಲೂ ಇರಲಿಲ್ಲ.

ರೌಟರ್ ಮತ್ತು ಸ್ವಿಚ್ ಯುಪಿಎಸ್‌ಗೆ ಸೇರಿದ್ದವು. ಎನ್‌ಟಿ ಬಾಕ್ಸಿನ ಅಡಾಪ್ಟರಿಗೆ ಯುಪಿಎಸ್‌ನಲ್ಲಿ ಸಾಕೆಟ್ ಉಳಿದಿರಲಿಲ್ಲ. ಗೋಡೆಯ ಸಾಮಾನ್ಯ ಪ್ಲಗ್ಗಿಗೆ ಹಾಕಿ, “ಮುಂದಿನ ಸಲ ಬಂದಾಗ ಸರಿಮಾಡುತ್ತೇನೆ” ಎಂದು ವ್ಯವಸ್ಥಾಪಕರಿಗೆ ಹೇಳಿ ಬಂದವನು ನಾನು. ಎರಡು ವರ್ಷ ಆ ಮುಂದಿನ ಸಲ ಬರಲೇ ಇಲ್ಲ.

ಆ ಮಧ್ಯಾಹ್ನ

ಮೂರೂಕಾಲರ ಸುಮಾರಿಗೆ ಗಾಳಿ ಎದ್ದಿತು. ಕರೆಂಟ್ ನಾಲ್ಕೈದು ಬಾರಿ ಬಂದು ಹೋಗಿ ಮಾಡಿ, ಕೊನೆಗೆ ಪೂರ್ತಿ ಹೋಯಿತು. ಆ ಬಂದು ಹೋಗುವ ಆಟದಲ್ಲೇ ಎನ್‌ಟಿ ಬಾಕ್ಸಿನ ವಿದ್ಯುತ್ ಭಾಗ ಸುಟ್ಟಿತು. ಅಡಾಪ್ಟರಿಗೆ ಕರೆಂಟ್ ಇಲ್ಲದಿದ್ದರೂ ಎಕ್ಸ್‌ಚೇಂಜಿನಿಂದ ಲೈನಿನಲ್ಲೇ ಬರುವ ವಿದ್ಯುತ್ತಿನಿಂದ ಆ ಬಾಕ್ಸ್ ಅಷ್ಟೋ ಇಷ್ಟೋ ಉಸಿರಾಡಬೇಕಿತ್ತು. ಒಳಗೇ ಸುಟ್ಟಿದ್ದರಿಂದ ಅದೂ ಇಲ್ಲ. ಅತ್ತ ಲೀಸ್ಡ್ ಲೈನಿನ ಮೋಡೆಮ್ಮಿನ ಕೆಂಪು ದೀಪ ಹತ್ತಿತು, ಅಂದರೆ ಆ ಲೈನೂ ಕಡಿದಿತ್ತು. ಕೌಂಟರಿನ ಮುಂದೆ ಹತ್ತು ಹನ್ನೆರಡು ಜನ. ಕಬ್ಬಿನ ಹಣ ಜಮೆಯಾಗಿದೆಯೇ ಎಂದು ನೋಡಲು ಬಂದ ರೈತರು, ಮಗಳ ಮದುವೆಗೆ ಠೇವಣಿ ಬಿಡಿಸಿಕೊಳ್ಳಲು ಬಂದ ಒಬ್ಬ ತಾಯಿ. ಹುಡುಗನ ಮೇಲೆ ಎಷ್ಟು ಒತ್ತಡವಿತ್ತೆಂದು ನಾನು ಊಹಿಸಬಲ್ಲೆ.

ಅವನು ನೋಡಿದ: ರೌಟರಿನ ದೀಪಗಳು ಉರಿಯುತ್ತಿವೆ, ಎನ್‌ಟಿ ಬಾಕ್ಸ್ ಮಾತ್ರ ಕತ್ತಲು. ಬಾಕ್ಸ್ ಸತ್ತಿದೆ, ಅದನ್ನು ನಡುವಿನಿಂದ ತೆಗೆದುಬಿಟ್ಟರೆ ಲೈನು ರೌಟರಿಗೆ ನೇರ ಸಿಗುತ್ತದೆ ಎಂದು ಲೆಕ್ಕ ಹಾಕಿದ. ಬಾಕ್ಸಿಗೆ ಸೇರಿದ್ದ ಎರಡೂ ಕಡೆಯ ತಂತಿ ಕಿತ್ತ. ಒಂದು ಹಳೆಯ ಲ್ಯಾನ್ ಕೇಬಲಿನ ಒಂದು ತುದಿಯ ಪ್ಲಗ್ಗನ್ನು ಕತ್ತರಿಸಿ, ಒಳಗಿನ ನೀಲಿ ಮತ್ತು ನೀಲಿ-ಬಿಳಿ ತಂತಿಗಳನ್ನು ಬಿಡಿಸಿದ. ದೂರವಾಣಿಯವರು ಮೊದಲ ಜೋಡಿಗೆ ನೀಲಿಯನ್ನೇ ಬಳಸುತ್ತಾರೆ ಎಂಬುದು ಅವನಿಗೆ ತಿಳಿದಿತ್ತು. ಇನ್ನು ಗೋಡೆಯ ಮೇಲಿನ ರೋಸೆಟ್ ಪೆಟ್ಟಿಗೆಯಿಂದ ಬಂದ ಲೈನಿನ ತಂತಿಗೆ ಇವನ್ನು ಹೊಸೆಯಬೇಕು. ಸ್ಟೂಲು ಹತ್ತಿದ. ತಂತಿ ಸುಲಿಯುವ ಕಟರ್ ಕೈಗೆ ಸಿಗಲಿಲ್ಲ. ಕರೆಂಟ್ ಹೇಗೂ ಹೋಗಿದೆ. ಲೈನಿನ ತಂತಿಯನ್ನು ಹಲ್ಲಿನಿಂದ ಕಚ್ಚಿದ.

ಈ ಕೆಲಸದಲ್ಲಿರುವ ಯಾರನ್ನೇ ಕೇಳಿ, ಹಲ್ಲಿನಿಂದ ತಂತಿ ಸುಲಿಯುವುದು ಎಲ್ಲರಿಗೂ ಗೊತ್ತಿರುವ ಅಭ್ಯಾಸ. ಮುಂದಿನ ಎರಡು ಹಲ್ಲಿನ ನಡುವೆ ತಂತಿ ಇಟ್ಟು, ಮೆಲ್ಲಗೆ ಕಚ್ಚಿ, ತಲೆ ಹಿಂದಕ್ಕೆ ಎಳೆದರೆ ಪ್ಲಾಸ್ಟಿಕ್ ಹೊದಿಕೆ ಜಾರಿ ಬರುತ್ತದೆ. ತಾಮ್ರ ತುಟಿಗೆ ತಾಗುತ್ತದೆ. ಒಂದು ತಂತಿಯನ್ನು ಅವನು ಹೀಗೆ ಸುಲಿದದ್ದಾಗಿತ್ತು, ಅದರ ಬರಿಯ ತುದಿ ಬೆವರಿದ ಎಡಗೈ ಬೆರಳುಗಳ ನಡುವೆ ಇತ್ತು. ಎರಡನೆಯದನ್ನು ಬಾಯಿಗಿಟ್ಟು ಎಳೆದ ಕ್ಷಣಕ್ಕೆ ಒಂದು ತಂತಿ ಕೈಯಲ್ಲಿ, ಇನ್ನೊಂದು ನಾಲಿಗೆಯ ಮೇಲೆ. ದವಡೆ ಬಿಗಿದುಕೊಂಡಿತು, ತಲೆ ಹಿಂದಕ್ಕೆ ಚಿಮ್ಮಿತು, ಸ್ಟೂಲು ಮಗುಚಿತು.

ಕ್ಯಾಷಿಯರ್ ಮೇಡಂ ಮತ್ತು ಅಟೆಂಡರ್ ಅವನನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟರು. ಅಟೆಂಡರ್ ವಯಸ್ಸಾದವರು, ಒಳ್ಳೆಯ ಮನುಷ್ಯ. “ಉಳಿದದ್ದು ನಾನು ಮಾಡುತ್ತೇನೆ, ಹೇಳಪ್ಪ” ಎಂದರು. ಹುಡುಗ ಕುಳಿತಲ್ಲಿಂದಲೇ ಹೇಳಿಕೊಟ್ಟ. ಅವರು ಪ್ಲಾಸ್ಟಿಕ್ ಚೀಲದಿಂದ ಹಿಡಿದು ಎರಡೂ ತಂತಿ ಹೊಸೆದು ಟೇಪ್ ಸುತ್ತಿದರು. “ಈಗ ಇದನ್ನು ಎಲ್ಲಿಗೆ ಹಾಕಲಿ?” “ರೌಟರಿನ ಹಿಂದೆ ಖಾಲಿ ಇದೆಯಲ್ಲ, ಅದಕ್ಕೆ.” ರೌಟರಿನ ಹಿಂದೆ ಆಗ ಮೂರು ಖಾಲಿ ಪೋರ್ಟ್ ಇದ್ದವು. ಅವರ ಕೈಗೆ ಸಿಕ್ಕಿದ್ದು ಲ್ಯಾನ್‌ನ ಪೋರ್ಟ್.

ಸ್ವಲ್ಪ ಹೊತ್ತಿಗೆ ಹತ್ತಿರದಲ್ಲೇ ಎಲ್ಲೋ ಸಿಡಿಲು ಬಿತ್ತು. ರ‍್ಯಾಕಿನೊಳಗೆ ಚಟ್ಟೆಂದು ಸದ್ದು, ಸುಟ್ಟ ವಾಸನೆ. ಕ್ಯಾಷ್ ಕೌಂಟರಿನ ಕಂಪ್ಯೂಟರ್ ಆರಿಹೋಯಿತು. ಕ್ಯಾಷಿಯರ್ ಮೇಡಂ ಆಗಷ್ಟೇ ಹುಡುಗನನ್ನು ಆಸ್ಪತ್ರೆಗೆ ಕಳಿಸಲು ಆಟೊ ಕರೆಯಲು ಹೊರಗೆ ಹೋಗಿದ್ದರು. ಅವರ ಕೈ ಕೀಬೋರ್ಡಿನ ಮೇಲಿರಲಿಲ್ಲ.

ಟಾರ್ಚ್ ಬೆಳಕಿನಲ್ಲಿ ಕಂಡದ್ದು

ನಾನು ಶ್ರೀರಂಗಪಟ್ಟಣ ದಾಟಿ, ಬಿದ್ದ ಮರಗಳ ನಡುವೆ ಬಸ್ಸು ತೆವಳಿ, ಮಂಡ್ಯ ತಲುಪುವಾಗ ರಾತ್ರಿ ಎಂಟಾಗಿತ್ತು. ಮಳೆ ನಿಂತಿತ್ತು, ಗುಡುಗಿನ ಸದ್ದಿಲ್ಲದೆ ಒಂದು ಗಂಟೆಗೂ ಹೆಚ್ಚು ಕಳೆದಿತ್ತು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ದೂರವಾಣಿ ತಂತಿಗೆ ಕೈ ಹಾಕಬಾರದು ಎಂಬುದನ್ನು ನಾನು ತಪ್ಪಿಸುವುದಿಲ್ಲ. ಊರಿಗೆ ಕರೆಂಟ್ ಇನ್ನೂ ಬಂದಿರಲಿಲ್ಲ.

ವ್ಯವಸ್ಥಾಪಕರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಶಾಖೆಯ ಮೈನ್ ಸ್ವಿಚ್ ಇಳಿಸಿದೆ, ಯುಪಿಎಸ್ ಆರಿಸಿದೆ. ಕಟ್ಟಡದೊಳಗೆ ವಿದ್ಯುತ್ ಎಂಬುದೇ ಇಲ್ಲ. ರೌಟರಿನಲ್ಲಿ ಸಿಕ್ಕಿಸಿದ್ದ ಆ ಕೇಬಲನ್ನು ಮುಟ್ಟುವ ಮೊದಲು ಗೋಡೆಯ ಕಡೆಯ ಜೋಡಣೆಯನ್ನು ಇನ್ಸುಲೇಷನ್ ಇರುವ ಕಟರಿನಿಂದ ಒಂದೊಂದೇ ತಂತಿಯಾಗಿ ಬಿಡಿಸಿದೆ. ನಂತರ ರೋಸೆಟ್ಟಿನ ಎರಡು ಸ್ಕ್ರೂಗಳಿಗೆ ಮಲ್ಟಿಮೀಟರಿನ ಮುಳ್ಳು ಇಟ್ಟೆ. ಟಾರ್ಚಿನ ಬೆಳಕಿನಲ್ಲಿ ಅಂಕಿ ನಿಂತಿತು: 94 ವೋಲ್ಟ್, ಡಿಸಿ.

ವ್ಯವಸ್ಥಾಪಕರು ಮೀಟರನ್ನು ನೋಡಿದರು, ಮೇಲೆ ಆರಿದ ಟ್ಯೂಬ್‌ಲೈಟನ್ನು ನೋಡಿದರು. “ಇದು ಎಲ್ಲಿಂದ ಸ್ವಾಮಿ?”

ಹುಡುಗ ಕೇಳಿದ್ದೂ ಅದನ್ನೇ. ಉತ್ತರ ಸರಳ. ದೂರವಾಣಿ ಲೈನು ತನ್ನ ವಿದ್ಯುತ್ತನ್ನು ತಾನೇ ಹೊತ್ತು ತರುತ್ತದೆ. ಎಕ್ಸ್‌ಚೇಂಜಿನಲ್ಲಿ ಸಾಲಾಗಿ ಬ್ಯಾಟರಿಗಳಿರುತ್ತವೆ, ಅವಕ್ಕೆ ಹಿಂದೆ ಜನರೇಟರ್. ಊರೆಲ್ಲ ಕತ್ತಲಾದರೂ ಫೋನು ಮಾತಾಡುತ್ತಿದ್ದುದು ಅದರಿಂದಲೇ. ಸಾಮಾನ್ಯ ಫೋನಿನ ಲೈನಿನಲ್ಲಿ ಸುಮ್ಮನಿರುವಾಗ ಸುಮಾರು 48 ವೋಲ್ಟ್ ಡಿಸಿ. ಗಂಟೆ ಬಾರಿಸುವಾಗ ಅದರ ಮೇಲೆ 75 ವೋಲ್ಟಿನ ಆಸುಪಾಸಿನ ಎಸಿ. ಐಎಸ್‌ಡಿಎನ್ ಲೈನಿನಲ್ಲಿ ದೂರದ ಎನ್‌ಟಿ ಬಾಕ್ಸಿಗೂ ವಿದ್ಯುತ್ ಉಣಿಸಬೇಕಾದ ಕಾರಣ ಅದು ನೂರು ವೋಲ್ಟಿನ ಹತ್ತಿರಕ್ಕೂ ಏರಬಹುದು. ನಿಮ್ಮ ರೌಟರಿನ ಸ್ವಿಚ್ ಆರಿಸಿದ್ದೀರೋ, ಮನೆಯ ಮೈನ್ ಇಳಿಸಿದ್ದೀರೋ ಎಂಬುದು ಆ ತಂತಿಗೆ ತಿಳಿಯದು. ಎಕ್ಸ್‌ಚೇಂಜು ಹರಿಯಬಿಡುವ ಪ್ರವಾಹಕ್ಕೆ ಮಿತಿ ಇರುತ್ತದೆ, ಆದ್ದರಿಂದ ಮನೆಯ 230 ವೋಲ್ಟಿನಷ್ಟು ಭೀಕರವಲ್ಲ ಎಂಬುದು ನಿಜ. ಆದರೆ ಒದ್ದೆ ನಾಲಿಗೆಯ ಮೂಲಕ ಹಾದರೆ ಮನುಷ್ಯನನ್ನು ಸ್ಟೂಲಿನಿಂದ ಕೆಡವಲು ಅಷ್ಟು ಬೇಕಾದಷ್ಟಾಯಿತು. ಅಂದು ಅವನ ತಲೆ ರ‍್ಯಾಕಿನ ಕಬ್ಬಿಣದ ಮೂಲೆಗೆ ಬಡಿಯದೆ ಒಂದು ಗೇಣು ಆಚೆಗೆ ಬಿತ್ತು. ಅಷ್ಟೇ ವ್ಯತ್ಯಾಸ.

ನಮ್ಮ ಜನ ಕರೆಂಟಿನ ತಂತಿಗೆ ಹೆದರುವುದನ್ನು ಚೆನ್ನಾಗಿ ಕಲಿತಿದ್ದಾರೆ. ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ತೆಗೆದ ಜಿಲ್ಲೆ ಇದು. ತಲೆಮಾರುಗಳ ಭಯಭಕ್ತಿ ಇದೆ. ಫೋನಿನ ತಂತಿಯ ಬಗ್ಗೆ ಮಾತ್ರ ಅದು ಪಾಪದ ತಂತಿ, ಏನೂ ಮಾಡದು ಎಂಬ ನಂಬಿಕೆ. ಈ ನಂಬಿಕೆ ನನ್ನ ಕಸುಬಿನವರಲ್ಲೇ ಹೆಚ್ಚು.

ಮರುದಿನ ಬೆಳಿಗ್ಗೆ ಎಕ್ಸ್‌ಚೇಂಜಿನ ಲೈನ್‌ಮನ್ ಬಂದರು. ಅವರನ್ನು ನಾವೆಲ್ಲ ಅಣ್ಣ ಎಂದೇ ಕರೆಯುತ್ತಿದ್ದೆವು. “ನಿಮ್ಮ ಲೈನು ನಿನ್ನೆ ಮೂರು ಐವತ್ತಕ್ಕೆ ಶಾರ್ಟ್ ಎಂದು ಅಲ್ಲಿ ದಾಖಲಾಗಿದೆ” ಎಂದರು. ಅಟೆಂಡರ್ ಪ್ಲಗ್ಗನ್ನು ಸಿಕ್ಕಿಸಿದ ಹೊತ್ತು ಅದು. ಏಕೆ ಶಾರ್ಟ್ ಆಯಿತು ಎಂದು ನೋಡಿದರೆ, ನೀಲಿ ಜೋಡಿ ಪ್ಲಗ್ಗಿನ 4 ಮತ್ತು 5ನೆಯ ಲೋಹದ ಕಾಲುಗಳಿಗೆ ಹೋಗುತ್ತದೆ. 100 ಮೆಗಾಬಿಟ್ ಲ್ಯಾನ್ ಪೋರ್ಟಿನಲ್ಲಿ ಈ ಎರಡು ಕಾಲುಗಳಿಗೆ ದತ್ತಾಂಶದ ಕೆಲಸವಿಲ್ಲ. ಒಳಗೆ ಎರಡನ್ನೂ ಒಟ್ಟಿಗೆ ಕಟ್ಟಿ, ಒಂದು ರೆಸಿಸ್ಟರ್ ಮತ್ತು ಪುಟ್ಟ ಕೆಪಾಸಿಟರ್ ಮೂಲಕ ರೌಟರಿನ ಲೋಹದ ಮೈಗೆ ಸೇರಿಸಿರುತ್ತಾರೆ. ಮೈಲುಗಟ್ಟಲೆ ಊರಿನೊಳಗೆ ಹಾದುಬಂದ ಲೈನು ಹೀಗೆ ನೇರವಾಗಿ ಒಳಗಿನ ನೆಟ್‌ವರ್ಕಿನ ಮೈಗೆ ಅಂಟಿಕೊಂಡಿತು.

ಲ್ಯಾನ್ ಪೋರ್ಟು ಮತ್ತು ಲೈನ್ ಪೋರ್ಟು ನೋಡಲು ಅವಳಿಗಳಾದರೂ ಹುಟ್ಟೇ ಬೇರೆ. ಅಂತಾರಾಷ್ಟ್ರೀಯ ಸುರಕ್ಷತಾ ಮಾನದಂಡ ಐಇಸಿ 60950 ಇವನ್ನು ಎರಡು ಜಾತಿಯಾಗಿ ವಿಂಗಡಿಸಿತ್ತು. ಲ್ಯಾನ್‌ನದು ಎಸ್‌ಇಎಲ್‌ವಿ: ಮುಟ್ಟಿದರೂ ಅಪಾಯವಿಲ್ಲದ, 60 ವೋಲ್ಟ್ ಡಿಸಿ ಮೀರದ ಸರ್ಕ್ಯೂಟ್. ಲೈನಿನದು ಟಿಎನ್‌ವಿ: ಅದಕ್ಕಿಂತ ಹೆಚ್ಚಿನ ವೋಲ್ಟೇಜ್ ಇರಬಹುದಾದ, ಹೊರಗಿನ ಮಿಂಚಿನ ಹೊಡೆತ ಒಳಬರಬಹುದಾದ ಸರ್ಕ್ಯೂಟ್. ಈ ಎರಡನ್ನು ಯಾವ ಕಾರಣಕ್ಕೂ ಒಂದಕ್ಕೊಂದು ಜೋಡಿಸಬಾರದು ಎಂದು ರೌಟರಿನ ಪೆಟ್ಟಿಗೆಯೊಂದಿಗೆ ಬರುವ ತೆಳು ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಹತ್ತಾರು ಭಾಷೆಗಳಲ್ಲಿ ಬರೆದಿರುತ್ತಾರೆ. ನಾನು ನೋಡಿದ ಪುಸ್ತಕಗಳಲ್ಲಿ ಕನ್ನಡ ಇರಲಿಲ್ಲ.

ಇನ್ನು ಸಿಡಿಲಿನ ವಿಷಯ. ಅದು ಲೈನಿನ ಮೇಲೆಯೇ ಬೀಳಬೇಕೆಂದಿಲ್ಲ. ಸಮೀಪದಲ್ಲಿ ಬಿದ್ದರೆ ಸಾಕು, ಉದ್ದನೆಯ ತಾಮ್ರದಲ್ಲಿ ಸಾವಿರಾರು ವೋಲ್ಟಿನ ಅಲೆ ಏಳುತ್ತದೆ. ಅದನ್ನು ಬಾಗಿಲಲ್ಲೇ ಹಿಡಿದು ನೆಲಕ್ಕೆ ಇಳಿಸಲು ಕಟ್ಟಡದ ಹೊರಗೋಡೆಯಲ್ಲಿ ದೂರವಾಣಿ ತಂತಿ ಬಂದು ಸೇರುವ ಕ್ರೋನ್ ಪೆಟ್ಟಿಗೆಯಲ್ಲಿ ಅನಿಲ ತುಂಬಿದ ಪುಟ್ಟ ಕೊಳವೆಗಳ ರಕ್ಷಕ ಇರಬೇಕು. ಅಣ್ಣ ಪೆಟ್ಟಿಗೆ ತೆರೆದು ತೋರಿಸಿದರು: ಆ ಜಾಗ ಖಾಲಿ. ಕಟ್ಟಡದ ವೈರಿಂಗ್ ಮಾಡಿದವರು ಹಾಕಿಯೇ ಇರಲಿಲ್ಲ. ನಾನೂ ಎಂದೂ ಆ ಪೆಟ್ಟಿಗೆ ತೆರೆದು ನೋಡಿರಲಿಲ್ಲ.

ಆದರೂ ಕ್ಯಾಷ್ ಕೌಂಟರಿನ ಕಂಪ್ಯೂಟರೇ ಏಕೆ ಸುಟ್ಟಿತು? ಅದೇ ಸ್ವಿಚ್ಚಿಗೆ ಸೇರಿದ್ದ ಉಳಿದ ಮೂರು ಕಂಪ್ಯೂಟರುಗಳಿಗೆ ಏನೂ ಆಗಿರಲಿಲ್ಲ. ಈ ಒಗಟು ಬಿಡಿಸಲು ನನಗೆ ಅರ್ಧ ದಿನ ಹಿಡಿಯಿತು. ಕಟ್ಟಡಕ್ಕೆ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಅರ್ತ್ ಗುಂಡಿಗಳು ಎರಡಿದ್ದವು. ರ‍್ಯಾಕು ಮತ್ತು ಆ ಮೂರು ಕಂಪ್ಯೂಟರುಗಳ ಅರ್ತ್ ಹಿತ್ತಲಿನ ಗುಂಡಿಗೆ. ಕ್ಯಾಷ್ ಕೌಂಟರನ್ನು ಆಮೇಲೆ ಕಟ್ಟಿದ್ದರಿಂದ, ಅದರದೇ ಚಿಕ್ಕ ಯುಪಿಎಸ್, ಅದರ ಅರ್ತ್ ಮುಂಬದಿಯ ಹೊಸ ಗುಂಡಿಗೆ. ಅರ್ತ್ ಟೆಸ್ಟರ್ ಇಟ್ಟು ಅಳೆದಾಗ ಮುಂಬದಿಯದು 3 ಓಮ್, ಹಿತ್ತಲಿನದು 46 ಓಮ್. ಈ ಅಂಕಿ ಕಡಿಮೆಯಿದ್ದಷ್ಟೂ ವಿದ್ಯುತ್ ನೆಲಕ್ಕೆ ಇಳಿಯುವುದು ಸುಲಭ. ರೌಟರಿನ ಮೈಗೆ ಬಂದ ಹೊಡೆತಕ್ಕೆ ತನ್ನ ಅರ್ತ್‌ನಲ್ಲಿ ಇಳಿಯಲು ದಾರಿ ಇಕ್ಕಟ್ಟು. ಲ್ಯಾನ್ ಕೇಬಲಿನ ಮೂಲಕ ಕ್ಯಾಷ್ ಕೌಂಟರಿಗೆ ಹೋಗಿ ಅಲ್ಲಿಯ ಒಳ್ಳೆಯ ಅರ್ತ್‌ನಲ್ಲಿ ಇಳಿಯುವುದು ಸುಲಭ. ಅದು ಸುಲಭದ ದಾರಿ ಹಿಡಿಯಿತು. ನೀರು ಹರಿದ ಹಾಗೆಯೇ.

ಹಿತ್ತಲಿನ ಗುಂಡಿಯನ್ನು ಅಗೆಸಿದೆ. ಹಿತ್ತಲಿಗೆಲ್ಲ ಎರಡು ವರ್ಷದ ಹಿಂದೆ ಸಿಮೆಂಟ್ ಹಾಕಿಸಿದ್ದರು, ಬೈಕು ನಿಲ್ಲಿಸಲು. ಗುಂಡಿಯ ಬಾಯಿ ಮುಚ್ಚಿಹೋಗಿತ್ತು. ಒಳಗೆ ಇದ್ದಿಲು ಬೂದಿಯಂತೆ ಒಣಗಿ, ಜಿಐ ಪೈಪಿಗೆ ಬಿಗಿದ ಕ್ಲ್ಯಾಂಪು ತುಕ್ಕು ಹಿಡಿದು ಕೈಯಲ್ಲೇ ಕಳಚಿ ಬಂತು. ಸುತ್ತ ಕಾಲುವೆ ನೀರು ಹರಿಯುವ ಊರಿನಲ್ಲಿ, ಮಳೆ ಬಂದ ಮರುದಿನ, ಅಂಗೈ ಅಗಲದ ಆ ಮಣ್ಣಿಗೆ ಮಾತ್ರ ಹನಿ ನೀರಿರಲಿಲ್ಲ.

ಮರುಜೋಡಣೆ

ಕೆಲಸಕ್ಕೆ ಮೂರು ದಿನ ಬೇಕಾಯಿತು. ಮೊದಲು ಅಣ್ಣನಿಗೆ ಹೇಳಿ ಎಕ್ಸ್‌ಚೇಂಜಿನಲ್ಲೇ ಲೈನನ್ನು ಬಿಡಿಸಿಟ್ಟೆವು. ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ತಂತಿ ಮುಟ್ಟಿದ್ದು. ಹೊರಗಿನಿಂದ ಬರುವ ದೂರವಾಣಿ ತಂತಿಯನ್ನು ಯಾರೋ ಕರೆಂಟಿನ ಸರ್ವಿಸ್ ವೈರಿನ ಕೊಂಡಿಗೇ ಕಟ್ಟಿದ್ದರು. ಎರಡೂ ಗಾಳಿಗೆ ಉಜ್ಜಿ ಉಜ್ಜಿ ಒಂದು ಕಡೆ ಹೊದಿಕೆ ಸವೆದಿತ್ತು. ಸಿಡಿಲಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಅದು. 230 ವೋಲ್ಟ್ ಆ ತಂತಿಗೆ ಇಳಿದಿದ್ದರೆ ಈ ಪ್ರಕರಣವನ್ನು ಬರೆಯುವ ರೀತಿಯೇ ಬೇರೆಯಾಗುತ್ತಿತ್ತು. ಅಣ್ಣ ಅದನ್ನು ಬಿಚ್ಚಿ, ಗೋಡೆಯ ಇನ್ನೊಂದು ಮೂಲೆಯಿಂದ ಪೈಪಿನಲ್ಲಿ ಒಳಗೆ ತಂದರು. ಇದೇ ಕಾರಣಕ್ಕೆ ಲೈನಿನ ಬದಿಯಲ್ಲಿ 26 ಗೇಜಿಗಿಂತ, ಅಂದರೆ 0.4 ಮಿಲಿಮೀಟರಿಗಿಂತ ಸಣ್ಣ ತಂತಿ ಬಳಸಬಾರದು ಎನ್ನುವುದು. ಕರೆಂಟ್ ಲೈನು ತಾಗಿದರೆ ರಕ್ಷಕ ಕೆಲಸ ಮಾಡುವ ಮೊದಲೇ ಸಣ್ಣ ತಂತಿ ಕಾದು ಬೆಂಕಿ ಹಿಡಿಯುತ್ತದೆ.

ಹಿತ್ತಲಿನಲ್ಲಿ ಸಿಮೆಂಟ್ ಒಡೆದು ಹೊಸ ಗುಂಡಿ ತೋಡಿಸಿ, ಎರಡೂವರೆ ಮೀಟರ್ ಉದ್ದದ ಜಿಐ ಪೈಪ್ ಇಳಿಸಿ, ಇದ್ದಿಲು ಮತ್ತು ಉಪ್ಪು ಪದರ ಪದರವಾಗಿ ತುಂಬಿಸಿದೆವು. ಮೇಲೆ ನೀರು ಹಾಕಲು ಬಾಯಿ ಬಿಟ್ಟೆವು. ಮುಂಬದಿಯ ಗುಂಡಿಗೂ ಇದಕ್ಕೂ ನಡುವೆ ದಪ್ಪ ತಾಮ್ರದ ತಂತಿ ಎಳೆದು ಎರಡನ್ನೂ ಒಂದು ಮಾಡಿದೆ. ರ‍್ಯಾಕು, ಕ್ಯಾಷ್ ಕೌಂಟರು, ಹೊರಗೋಡೆಯ ಪೆಟ್ಟಿಗೆಗೆ ಹಾಕಿದ ಹೊಸ ರಕ್ಷಕಗಳು ಎಲ್ಲವೂ ಈಗ ಒಂದೇ ಅರ್ತ್‌ಗೆ. ಅಳತೆ: 2 ಓಮ್ ಚಿಲ್ಲರೆ.

ಸ್ಕ್ರೂ ಬಿಗಿಯುವ ಹಳೆಯ ರೋಸೆಟ್ ತೆಗೆದು, ಕ್ರೋನ್ ಮಾದರಿಯದನ್ನು ಹಾಕಿದೆ. ಇದರಲ್ಲಿ ತಂತಿ ಸುಲಿಯುವ ಮಾತೇ ಇಲ್ಲ. ಹೊದಿಕೆ ಸಮೇತ ತಂತಿಯನ್ನು ಸೀಳಿನಲ್ಲಿಟ್ಟು ಕ್ರೋನ್ ಟೂಲಿನಿಂದ ಒತ್ತಿದರೆ ಲೋಹದ ಅಂಚು ಹೊದಿಕೆಯನ್ನು ಕೊಯ್ದು ತಾಮ್ರವನ್ನು ತಾನೇ ಹಿಡಿಯುತ್ತದೆ. ಹಲ್ಲಿಗೆ ಕೆಲಸ ಕೊಡಬೇಡ ಎಂದು ಉಪದೇಶ ಮಾಡುವುದಕ್ಕಿಂತ ಹಲ್ಲು ಬೇಕಾಗದ ಸಾಮಾನು ಇಡುವುದು ಮೇಲು.

ಹೊಸ ಎನ್‌ಟಿ ಬಾಕ್ಸ್ ಯುಪಿಎಸ್‌ಗೆ ಸೇರಿತು, ಎರಡು ವರ್ಷ ತಡವಾಗಿ. ಗೋಡೆಯಿಂದ ಬಾಕ್ಸಿಗೆ ಫೋನಿನಲ್ಲಿ ಇರುವಂಥ ಚಿಕ್ಕ ಆರ್‌ಜೆ-11 ಪ್ಲಗ್ಗಿನ ಕೆಂಪು ಕೇಬಲ್. ಬಾಕ್ಸಿನಿಂದ ರೌಟರಿಗೆ ನೇರ ಜೋಡಣೆಯ ಹಳದಿ ಕೇಬಲ್. ಇದರಲ್ಲಿ ಕೆಲಸ ಮಾಡುವುದು 3-6 ಮತ್ತು 4-5ನೆಯ ಕಾಲುಗಳ ಎರಡು ಜೋಡಿ. ಲ್ಯಾನ್‌ಗೆಲ್ಲ ನೀಲಿ. ರೌಟರಿನಲ್ಲಿ ಖಾಲಿ ಉಳಿದ ಲ್ಯಾನ್ ಪೋರ್ಟುಗಳಿಗೆ ಪ್ಲಾಸ್ಟಿಕ್ ಬಿರಡೆ ಬಡಿದೆ, “ಖಾಲಿ ಇದೆಯಲ್ಲ” ಎಂಬ ಮಾತಿಗೆ ಇನ್ನು ಆಸ್ಪದವಿರಬಾರದೆಂದು. ಎನ್‌ಟಿ ಬಾಕ್ಸಿನ ಪಕ್ಕದಲ್ಲಿ ಒಂದು ರಟ್ಟಿನ ಫಲಕ. ಅದರ ಮಾತನ್ನು ನಾನು ಬರೆಯಲಿಲ್ಲ, ಎಡಗೈಯಲ್ಲಿ ಹುಡುಗನೇ ಬರೆದ:

“ಕೆಂಪು ಕೇಬಲಿನಲ್ಲಿ ಕರೆಂಟ್ ಇಲ್ಲದಾಗಲೂ ಕರೆಂಟ್ ಇರುತ್ತದೆ. ಬಿಚ್ಚುವಾಗ ಮೊದಲು ಗೋಡೆಯ ಕಡೆ ಬಿಚ್ಚಿ. ಹಾಕುವಾಗ ಗೋಡೆಯ ಕಡೆ ಕೊನೆಗೆ ಹಾಕಿ. ಗುಡುಗುವಾಗ ಮುಟ್ಟಬೇಡಿ.”

ಗೋಡೆಯ ಕಡೆಗೆ ಏಕಿಷ್ಟು ಒತ್ತು ಎಂಬುದನ್ನು ಅವನಿಗೆ ಕೇಬಲನ್ನು ಕೈಯಲ್ಲಿ ಹಿಡಿದೇ ತೋರಿಸಿದ್ದೆ. ಬಾಕ್ಸಿನ ಕಡೆಯನ್ನು ಮೊದಲು ಕಿತ್ತರೆ, ಕೈಯಲ್ಲಿ ಉಳಿಯುವ ತುದಿ ಎಕ್ಸ್‌ಚೇಂಜಿಗೆ ಸೇರಿದ ತುದಿ. ಅದರ ಪ್ಲಗ್ಗಿನ ಚಿನ್ನದ ಬಣ್ಣದ ಕಾಲುಗಳಲ್ಲಿ 94 ವೋಲ್ಟ್ ಕಾದು ಕುಳಿತಿರುತ್ತದೆ. ಗೋಡೆಯ ಕಡೆಯನ್ನು ಮೊದಲು ಕಿತ್ತರೆ, ಕೈಯಲ್ಲಿ ಉಳಿಯುವುದು ಬರಿಯ ಕೇಬಲ್. ಅವನು ಕೇಳಿಸಿಕೊಂಡ, ಆಮೇಲೆ ತಾನಾಗಿಯೇ ಎರಡು ಸಲ ಹಾಕಿ ತೆಗೆದು ನೋಡಿದ.

ಪರೀಕ್ಷೆಗೆ ಲೀಸ್ಡ್ ಲೈನಿನ ಮೋಡೆಮ್ಮನ್ನು ಬೇಕೆಂದೇ ಆರಿಸಿದೆವು. ಐಎಸ್‌ಡಿಎನ್ ಕೆಲವೇ ಕ್ಷಣಗಳಲ್ಲಿ ಮೈಸೂರಿಗೆ ಕರೆ ಹಚ್ಚಿತು. ಮೊದಲು ಒಂದು ವಾಹಿನಿ, ದಟ್ಟಣೆ ಏರಿದಾಗ ಎರಡನೆಯದೂ ಸೇರಿ 128 ಕಿಲೋಬಿಟ್. ಕೌಂಟರಿನಲ್ಲಿ ಪಾಸ್‌ಬುಕ್ ಮುದ್ರಣ ನಿಲ್ಲಲಿಲ್ಲ.

ಆಮೇಲೆ

ಖರ್ಚಿನ ಪಟ್ಟಿಯಲ್ಲಿ ಅರ್ತ್ ಗುಂಡಿಯ ಬಾಬ್ತನ್ನು ಸಂಘದ ಲೆಕ್ಕಪರಿಶೋಧಕರು ಪ್ರಶ್ನಿಸಿದರು: ಕಂಪ್ಯೂಟರಿನ ರಿಪೇರಿಗೆ ಇದ್ದಿಲು, ಉಪ್ಪು ಏಕೆ? ವ್ಯವಸ್ಥಾಪಕರೇ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಕಳಚಿ ಬಂದ ಆ ತುಕ್ಕಿನ ಕ್ಲ್ಯಾಂಪನ್ನು ಕೈಗಿಟ್ಟರಂತೆ. ಬಿಲ್ಲು ಪಾಸಾಯಿತು. ಎನ್‌ಟಿ ಬಾಕ್ಸಿನ ದುಡ್ಡನ್ನು ನಾನು ತೆಗೆದುಕೊಳ್ಳಲಿಲ್ಲ.

ಐಎಸ್‌ಡಿಎನ್ ಈಗ ಹೆಚ್ಚಿನ ಕಡೆ ಹೋಗಿ ಫೈಬರ್ ಬಂದಿದೆ. ಗಾಜಿನ ಎಳೆಯಲ್ಲಿ ವಿದ್ಯುತ್ ಬರುವುದಿಲ್ಲ, ಸಿಡಿಲೂ ಬರುವುದಿಲ್ಲ. ಆದರೆ ತಾಮ್ರದ ಬ್ರಾಡ್‌ಬ್ಯಾಂಡ್ ಲೈನುಗಳು ಇನ್ನೂ ಅಲ್ಲಲ್ಲಿ ಇವೆ, ಕಟ್ಟಡದಿಂದ ಕಟ್ಟಡಕ್ಕೆ ಹೊರಗೆ ಗಾಳಿಯಲ್ಲಿ ಎಳೆದ ಲ್ಯಾನ್ ಕೇಬಲುಗಳಿವೆ, ಕ್ಯಾಮೆರಾಗಳಿಗೆ ಲ್ಯಾನ್ ತಂತಿಯಲ್ಲೇ 57 ವೋಲ್ಟಿನವರೆಗೆ ವಿದ್ಯುತ್ ಉಣಿಸುವ ಸ್ವಿಚ್ಚುಗಳಿವೆ. ಪ್ಲಗ್ಗು ಮಾತ್ರ ಹೆಚ್ಚಿನವಕ್ಕೆ ಅದೇ ಆರ್‌ಜೆ-45. ಯಾವುದೇ ಹೊಸ ಜಾಗಕ್ಕೆ ಹೋದರೂ ನಾನು ಮೊದಲು ಕೇಳುವುದು, ಈ ತಂತಿಯ ಇನ್ನೊಂದು ತುದಿ ಎಲ್ಲಿದೆ ಎಂದು.

ಮುಂದಿನ ಬೇಸಿಗೆಯಲ್ಲಿ, 2010ರ ಏಪ್ರಿಲ್‌ನಲ್ಲಿ, ಮಳೆ ಶುರುವಾಗುವ ಮುನ್ನ ನೋಡಿ ಬರೋಣವೆಂದು ಹೋಗಿದ್ದೆ. ಅರ್ತ್ ಟೆಸ್ಟರ್ 3 ಓಮ್ ತೋರಿಸಿತು. ಸುಡು ಬೇಸಿಗೆಯಲ್ಲಿ ಅಷ್ಟು ಕಡಿಮೆ ಇದ್ದದ್ದು ನನಗೆ ಆಶ್ಚರ್ಯ. ಅಟೆಂಡರ್ ಒಳಗಿನಿಂದ ಒಂದು ಹಳೆಯ ಲೆಡ್ಜರ್ ತಂದು ತೋರಿಸಿದರು. ಪ್ರತಿ ಸೋಮವಾರದ ತಾರೀಖು, ಪಕ್ಕದಲ್ಲಿ “ಗುಂಡಿಗೆ ನೀರು, ಎರಡು ಬಿಂದಿಗೆ”, ಅದರ ಮುಂದೆ ಅವರ ರುಜು.